ಮಂತ್ರಕ್ಕೊಂದು ನೇಮ, ಏರಿಗೊಬ್ಬ ಕಾವಲು

ಚೇಳು ಕುಟುಕಿದವರನ್ನು ಹೊತ್ತು ತರುವ ಮನೆಯಲ್ಲಿ ಹುಟ್ಟಿದವನು ಆವಲಪ್ಪ. ಮಾಲೂರು ತಾಲ್ಲೂಕಿನ ಮಾಸ್ತಿ ಹೋಬಳಿಯಲ್ಲಿ, ಕೆರೆಯ ಏರಿಗೆ ಬೆನ್ನು ಕೊಟ್ಟು ಕುಳಿತ ಒಂದು ಸಣ್ಣ ಹಳ್ಳಿ ಅವನದು. ತಾಯಿ ಬೈರಮ್ಮನಿಗೆ ಚೇಳಿನ ಮಂತ್ರ ಬರುತ್ತಿತ್ತು. ಹೊಲದಲ್ಲಿ ಕಲ್ಲೆತ್ತುವಾಗಲೋ ಸೌದೆ ಸೀಳುವಾಗಲೋ ಕುಟುಕಿಸಿಕೊಂಡವರು ಅಳುತ್ತ ಬಂದರೆ, ಆಕೆ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ಬೇವಿನ ಸೊಪ್ಪು ಹಿಡಿದು ಕೂರುವಳು. ನೋವು ಮಂತ್ರದಿಂದ ಇಳಿಯುತ್ತಿತ್ತೋ ಆ ತಾಯಿಯ ಕೈಯ ತಂಪಿನಿಂದ ಇಳಿಯುತ್ತಿತ್ತೋ, ಇಳಿಸುವವನು ಮಾತ್ರ ಮೇಲಿರುವ ಒಬ್ಬನೇ. ಆ ಮಾತನ್ನು ಬೈರಮ್ಮನೂ ಒಪ್ಪುತ್ತಿದ್ದಳು.

ಆದರೆ ಮಂತ್ರವೆಂಬುದು ಪುಕ್ಕಟೆಯಾಗಿ ಸಿಕ್ಕ ವಸ್ತುವಲ್ಲ, ಅದಕ್ಕೆ ನೇಮವುಂಟು. ಬೈರಮ್ಮ ಮಂತ್ರ ಹಾಕಿಸಿಕೊಂಡವರಿಂದ ಎಲೆ ಅಡಿಕೆಯನ್ನೂ ಮುಟ್ಟುತ್ತಿರಲಿಲ್ಲ, ಪಡವಲಕಾಯಿ ತಿನ್ನುತ್ತಿರಲಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು ಗ್ರಹಣದ ನೇಮ. ಗ್ರಹಣ ಹಿಡಿದ ಗಳಿಗೆಯಿಂದ ಬಿಡುವ ಗಳಿಗೆಯವರೆಗೆ ಆಕೆ ಕೆರೆಯ ನೀರಿನಲ್ಲಿ ಸೊಂಟದ ಮಟ್ಟಕ್ಕೆ ನಿಂತು ಮಂತ್ರವನ್ನು ಮನಸ್ಸಿನಲ್ಲೇ ನುಡಿಯುತ್ತಿರಬೇಕು. ಹೆಸರು ಹಿಡಿದು ಯಾರಾದರೂ ಕೂಗಿದರೆ ಓಗೊಡಬಾರದು, ಹಿಂತಿರುಗಿ ನೋಡಬಾರದು. ಓಗೊಟ್ಟರೆ ಅಲ್ಲಿಗೆ ಮಂತ್ರ ಸತ್ತಂತೆ. ಆದ್ದರಿಂದ ಗಂಡ ಪೆದ್ದಪ್ಪ ದೊಣ್ಣೆ ಹಿಡಿದು ಏರಿಯ ಮೇಲೆ ನಿಲ್ಲುತ್ತಿದ್ದ. ಬಂದ ಹೋದವರನ್ನು ಕೈಸನ್ನೆಯಿಂದಲೇ ಹಿಂದಕ್ಕಟ್ಟುತ್ತಿದ್ದ. ಮಂತ್ರದ ಒಂದಕ್ಷರವನ್ನೂ ಅರಿಯದ ಮನುಷ್ಯ ಅವನು. ಊರವರು ಬೈರಮ್ಮನಿಗೆ ಕೈ ಮುಗಿಯುತ್ತಿದ್ದರೇ ಹೊರತು ಪೆದ್ದಪ್ಪನಿಗೆ ಮುಗಿದವರಿಲ್ಲ. ಅವನು ತೀರಿಕೊಂಡ ಮೇಲೆ ಆ ದೊಣ್ಣೆ ಆವಲಪ್ಪನ ಕೈಗೆ ಬಂತು.

ಆವಲಪ್ಪ ರಾಗಿ ಬೆಳೆದ, ಬಾವಿಯ ಕೆಳಗೆ ಬದನೆ ಟೊಮೆಟೊ ಬೆಳೆದ. ಶನಿವಾರದ ಭಜನೆಯಲ್ಲಿ ತಾಳ ಹಿಡಿಯುತ್ತಿದ್ದ. ಹಾಡುವುದಕ್ಕಿಂತ, ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಕಥೆ ಹೇಳುವುದರಲ್ಲಿ ಅವನ ನಾಲಗೆಗೆ ಭಗವಂತ ಜೇನು ಸವರಿದ್ದ. ಹೀಗೆ ನಡೆದುಹೋಗುತ್ತಿದ್ದ ಬಾಳಿಗೆ ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಕೆಮ್ಮು ಹತ್ತಿತು. ಕೆಮ್ಮಿನ ಜೊತೆಗೆ ರಕ್ತ ಕಂಡಿತು. ಕ್ಷಯವೆಂದು ತಿಳಿದ ದಿನ ಅವನನ್ನು ಕೋಲಾರದ ಆಚೆಗಿನ ಒಂದು ಆಸ್ಪತ್ರೆಗೆ ಸೇರಿಸಿದರು. ಆಗಿನ ಕಾಲಕ್ಕೆ ಅದು ಬೇಗ ಬಿಡುವ ರೋಗವಾಗಿರಲಿಲ್ಲ. ಸೂಜಿ, ಮಾತ್ರೆ, ಹಾಲು, ಮೊಟ್ಟೆ, ಬೆಟ್ಟದ ಗಾಳಿ. ಇವುಗಳ ನಡುವೆ ತಿಂಗಳುಗಟ್ಟಲೆ ಮಲಗಿರಬೇಕು. ಸ್ವಲ್ಪ ಸುಖವೆನಿಸಿತೆಂದು ನಡುವೆ ಎದ್ದು ಹೋದವರನ್ನು ಮತ್ತೆ ಹೊತ್ತುಕೊಂಡು ತರಬೇಕಾಗುತ್ತಿತ್ತು, ಇಲ್ಲವೇ ಅವರು ಬರುತ್ತಲೇ ಇರಲಿಲ್ಲ. ಹಾಗೆ ಖಾಲಿಯಾದ ಮಂಚಗಳನ್ನು ಆವಲಪ್ಪ ಕಣ್ಣಾರೆ ಕಂಡಿದ್ದ.

ಅವನ ಎಡಗಡೆಯ ಮಂಚದವನು ನಂಗಲಿಯ ದೊಡ್ಡಮುನಿಯಪ್ಪ. ಆಂಧ್ರದ ಗಡಿಯ ಆ ಊರಿನಲ್ಲಿ ಲಾರಿಗಳಿಗೆ ಮೂಟೆ ಏರಿಸುವ ಕೆಲಸ ಅವನದು. ಒಂದು ಕಾಲಕ್ಕೆ ಅಕ್ಕಿಯ ಮೂಟೆಯನ್ನು ಹೆಗಲಿಗೆ ತಾನೇ ಏರಿಸಿಕೊಂಡು ಹಲಗೆ ಹತ್ತುತ್ತಿದ್ದ ದೇಹ, ಈಗ ಒಗೆದು ಒಣಗಹಾಕಿದ ಅಂಗಿಯಂತೆ ಮೂಳೆಗಳ ಮೇಲೆ ತೂಗುತ್ತಿತ್ತು. ಬಲಗಡೆಯವರು ಮುಳಬಾಗಿಲಿನ ಕೋರ್ಟಿನ ಗುಮಾಸ್ತರಾದ ವೆಂಕಟರಮಣಪ್ಪನವರು. ಅವರ ಶ್ವಾಸಕೋಶ ಸೋತಿತ್ತೇ ಹೊರತು ಬಾಯಿ ಸೋತಿರಲಿಲ್ಲ.

ಆ ವರ್ಷ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಸೇವೆ ಮಾಡಲು ಇಂಗ್ಲೆಂಡಿನಿಂದ ಒಬ್ಬ ತರುಣ ಬಂದಿದ್ದ. ರೋಗಿಗಳ ಬೇಸರ ನೋಡಲಾರದೆ ಅವನೊಂದು ಆಟ ಕಲಿಸಿದ. ಕವಡೆಯಲ್ಲ, ಚೌಕಾಬಾರವಲ್ಲ. ಒಬ್ಬನು ಕಥೆ ನಡೆಸಬೇಕು. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಮನುಷ್ಯನಾಗಬೇಕು. ಎದುರಿಗೆ ಕೋಟೆ ಬಂತು, ಏನು ಮಾಡುತ್ತೀಯೆ ಎಂದರೆ ಅವನು ತನ್ನ ಬುದ್ಧಿಗೆ ತೋಚಿದ್ದನ್ನು ಹೇಳಬೇಕು. ಆಗುತ್ತದೆಯೋ ಇಲ್ಲವೋ ಎಂಬಲ್ಲಿ ದಾಳ ಉರುಳಿಸಬೇಕು. ಆ ದಾಳಗಳು ಕಲ್ಲುಸಕ್ಕರೆಯ ಹರಳಿನಂತೆ ಹಲವು ಮುಖದವು. ತರುಣನು ಊರಿಗೆ ಮರಳುವಾಗ ದಾಳಗಳನ್ನೂ ಆಟದ ಪುಸ್ತಕವನ್ನೂ ಆವಲಪ್ಪನ ಕೈಗಿಟ್ಟು, “ನೀವು ಕಥೆ ಹೇಳಿ, ಚೆನ್ನಾಗಿ ಹೇಳುತ್ತೀರಿ” ಎಂದು ತನ್ನ ಅರೆಬರೆ ಕನ್ನಡದಲ್ಲಿ ಹೇಳಿ ಹೋದ.

ಅಂದಿನಿಂದ ಮಧ್ಯಾಹ್ನದ ಹಾಲು ಕುಡಿದಾದ ಮೇಲೆ ಜಗಲಿಯ ಗಾರೆಯ ಮೇಲೆ ಸೀಮೆಸುಣ್ಣದ ಕೋಟೆ ಮೂಡತೊಡಗಿತು. ಭೂತವೊಂದು ಒಂದು ನಾಡಿನ ಕೆರೆಯ ನೀರನ್ನೆಲ್ಲ ಕರಿಗಲ್ಲಿನ ಕೋಟೆಯೊಳಗೆ ಸೆರೆಯಿಟ್ಟಿದೆ, ಅದನ್ನು ಬಿಡಿಸಿ ತರಬೇಕು. ಇದು ಆವಲಪ್ಪ ಕಟ್ಟಿದ ಕಥೆ. ದೊಡ್ಡಮುನಿಯಪ್ಪ ಬೊಮ್ಮನೆಂಬ ವೀರನಾದ. ವೆಂಕಟರಮಣಪ್ಪನವರು ಮಾಯಸಿದ್ಧನೆಂಬ ಮಂತ್ರವಾದಿಯಾದರು. ಇಂಗ್ಲಿಷು ಬಲ್ಲ ಅವರೇ ಪುಸ್ತಕ ಓದಿ ನಿಯಮ ಹೇಳುವವರು.

ಮೊದಮೊದಲು ಆಟ ಸೊಗಸಾಗಿ ನಡೆಯಿತು. ಹೊಸ ಮಂತ್ರವಾದಿ ಒಂದೇ ಪೆಟ್ಟಿಗೆ ಬೀಳುವಷ್ಟು ಕೃಶ. ವೀರನ ನೆರಳಿನಲ್ಲೇ ಅವನು ನಡೆಯಬೇಕು. “ಬನ್ನಿ ಸ್ವಾಮಿ, ನನ್ ಬೆನ್ ಹಿಂದೆ ಬನ್ನಿ, ಪಂಚೆ ಎತ್ಕಟ್ಕೊಳ್ಳಿ!” ಎಂದು ದೊಡ್ಡಮುನಿಯಪ್ಪ ಗುಮಾಸ್ತರನ್ನು ಗೇಲಿ ಮಾಡುವನು. ದಾಳ ಉರುಳಿಸುವಾಗ ಅವನ ಬತ್ತಿದ ತೋಳಿನಲ್ಲಿ ಹಳೆಯ ನರವೊಂದು ಉಬ್ಬುತ್ತಿತ್ತು. ಆಟವಿದ್ದ ದಿನ ಅವನು ಎರಡು ಲೋಟ ಹಾಲು ಕುಡಿಯುತ್ತಿದ್ದನೆಂದು ಆಯಾ ಗಂಗರತ್ನಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು.

ಆವಲಪ್ಪ ತಪ್ಪಿದ್ದು ಇಲ್ಲಿಯೇ; ಅದೂ ಭಕ್ತಿಯಿಂದಲೇ ತಪ್ಪಿದ. ಪುಸ್ತಕದಲ್ಲಿ ಒಂದು ನಿಯಮವಿತ್ತು: ಮಂತ್ರವಾದಿ ಮಂತ್ರವನ್ನು ಒಮ್ಮೆ ನುಡಿದರೆ ಅದು ಅವನ ನೆನಪಿನಿಂದ ಅಳಿಸಿಹೋಗುತ್ತದೆ, ಮರುದಿನ ಮತ್ತೆ ಓದಿ ಕಲಿಯಬೇಕು. ಅದನ್ನು ಕೇಳಿ ಆವಲಪ್ಪ ಕಿವಿ ಮುಚ್ಚಿಕೊಂಡಿದ್ದ.

“ಗುರು ಕೊಟ್ಟ ಮಂತ್ರ ಮರ್ತೋಗ್ತದಾ ಸ್ವಾಮಿ? ಆಡಿದ್ರೆ ಅಳಿಸೋಗೋಕೆ ಅದೇನು ಸ್ಲೇಟಾ? ನಮ್ಮಮ್ಮ ಕೇಳಿದ್ರೆ ನನ್ ಬಾಯಿಗೆ ಬರೆ ಹಾಕ್ತಾಳೆ. ಆ ಮಾತು ತೆಗೆದ್ಬಿಡಿ.”

“ನೀನು ತೆಗೀ ಅಂದ್ರೆ ತೆಗೀತೀನಿ. ನನಗೇನು ನಷ್ಟ? ನಾನೇ ಮಂತ್ರವಾದಿ!” ಎಂದು ಗುಮಾಸ್ತರು ನಕ್ಕಿದ್ದರು.

ತಕ್ಕಡಿಯ ಒಂದು ತಟ್ಟೆಯಿಂದ ಕಲ್ಲು ತೆಗೆದವನಿಗೆ ಅದು ಏರುವುದು ಕೂಡಲೇ ಕಾಣಲಿಲ್ಲ. ಮಾಯಸಿದ್ಧನು ಮಂತ್ರದ ಮೇಲೆ ಮಂತ್ರ ಕಲಿತ, ಯಾವುದನ್ನೂ ಮರೆಯಲಿಲ್ಲ. ಬಾಗಿಲು ಮುಚ್ಚಿದ್ದರೆ ಮಂತ್ರದಿಂದ ತೆರೆದ. ಹಳ್ಳ ಬಂದರೆ ಹಾರಿದ. ಸೈನ್ಯ ಬಂದರೆ ಬೆಂಕಿಯ ಉಂಡೆ ಎಸೆದು, ಬೊಮ್ಮ ಕತ್ತಿ ಹಿರಿಯುವಷ್ಟರಲ್ಲಿ ಎಲ್ಲರನ್ನೂ ಬೂದಿ ಮಾಡಿದ. ಬೊಮ್ಮನಿಗೆ ಉಳಿದದ್ದು ಸಿಕ್ಕ ನಿಧಿಯನ್ನು ಹೊರುವ ಕೆಲಸ ಮಾತ್ರ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಆವಲಪ್ಪ ಎಂದಿನಂತೆ, “ಮುನಿಯಪ್ಪಣ್ಣ, ಬೊಮ್ಮ ಈಗೇನ್ ಮಾಡ್ತಾನೆ?” ಎಂದು ಕೇಳಿದ.

“ಏನ್ ಮಾಡ್ತಾನೆ? ಮೂಟೆ ಹೊರ್ತಾನೆ,” ಎಂದ ದೊಡ್ಡಮುನಿಯಪ್ಪ. “ನಂಗಲೀಲಿ ಹೊತ್ತಿದ್ದು ಸಾಲ್ದು ಅಂತ ನಿನ್ ಕಥೇಲೂ ಹೊರಿಸ್ತಿದೀಯಲ್ಲಯ್ಯಾ. ಹೊರೋಕಾದ್ರೂ ಮೈ ಬೇಕಲ್ಲ, ಅದೂ ಹೋಯ್ತು. ತೋಳ್ಬಲದೋನಿಗೆ ಎಲ್ಲೂ ಕೆಲ್ಸ ಇಲ್ಲ, ಬುಡು.”

ಮರುದಿನ ಆವಲಪ್ಪ ಕಥೆಯಲ್ಲಿ ಒಂದು ಪಾಳು ಗುಡಿ ತಂದು, ಅದರೊಳಗೆ ಬೊಮ್ಮನಿಗಾಗಿಯೇ ಮಿಂಚಿನ ಕತ್ತಿಯೊಂದನ್ನು ಇಟ್ಟ. ಬೀಸಿದರೆ ಬೆಟ್ಟವೂ ಸೀಳುವ ಕತ್ತಿ. ದೊಡ್ಡಮುನಿಯಪ್ಪ ಅದನ್ನು ಮುಟ್ಟಲಿಲ್ಲ. “ಅದೂ ಮಂತ್ರದ್ದೇ ಅಲ್ವಾ? ಕತ್ತೀನೇ ಎಲ್ಲಾ ಮಾಡಿದ್ರೆ ನಾನೇನು ಅದಕ್ಕೆ ಹಿಡಿಕೆನಾ? ಭಿಕ್ಷೆ ಹಾಕ್ಬೇಡ ಕಣೋ ಆವ್ಲಪ್ಪ” ಎಂದು ಎದ್ದುಹೋಗಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ. ಅಂದು ಹಾಲು ಹಾಗೆಯೇ ಕೆನೆ ಕಟ್ಟಿತು. ವಾರ ಕಳೆಯಿತು, ಅವನು ಮಾತ್ರೆಗಳನ್ನು ದಿಂಬಿನ ಕೆಳಗೆ ತಳ್ಳತೊಡಗಿದ. ನೋಡಲು ಬಂದ ಹೆಂಡತಿ ಕದಿರಮ್ಮನಿಗೆ, “ಬರೋ ಗ್ರಹಣದ ದಿನ ಊರಿಗೆ ಬಂದ್ಬಿಡ್ತೀನಿ. ಸಾಯೋದಾದ್ರೆ ನಮ್ಮೂರಲ್ಲೇ ಸಾಯ್ತೀನಿ” ಎಂದು ಹೇಳಿ ಕಳುಹಿಸಿದ. ಆಕೆ ಹೊರಗೆ ಬಂದು ಆವಲಪ್ಪನ ಮುಂದೆ ಸೆರಗು ಬಾಯಿಗಿಟ್ಟುಕೊಂಡಳು. “ನೀವಾದ್ರೂ ಹೇಳಣ್ಣಾ. ನಿಮ್ ಆಟ ಆಡ್ತಾ ಇದ್ದಾಗ ಮನುಷ್ಯ ಆಗಿದ್ರು.”

ಆ ಮಾತು ಆವಲಪ್ಪನನ್ನು ಇರಿಯಿತು. ಆಟವಾಡಿ ಎಬ್ಬಿಸಿದವನನ್ನು ಆಟದಿಂದಲೇ ಕೆಡವಿದೆನಲ್ಲಾ ಎಂದು ಅವನು ದೇವರ ಮುಂದೆ ತಲೆ ತಗ್ಗಿಸಿ ಕೂರುವನು. ಮಂತ್ರವನ್ನು ಕಿತ್ತುಕೊಂಡರೆ ಗುಮಾಸ್ತರ ಆಟ ಕೆಡುತ್ತದೆ. ವೀರನಿಗೆ ವರ ಕೊಟ್ಟರೆ ಅದು ಭಿಕ್ಷೆಯಾಗುತ್ತದೆ. ಭಗವಂತ ಒಬ್ಬನಿಗೆ ತೋಳು ಕೊಟ್ಟ, ಒಬ್ಬನಿಗೆ ನಾಲಗೆ ಕೊಟ್ಟ. ಇಬ್ಬರೂ ಒಬ್ಬರಿಗೊಬ್ಬರು ಬೇಕಾಗುವಂತೆ ಅವನು ಎಲ್ಲಿ ಗಂಟು ಹಾಕಿದ್ದಾನೆ?

ಸಾವಿರದ ಒಂಬೈನೂರ ಎಂಬತ್ತರ ಫೆಬ್ರವರಿಯ ಆ ದೊಡ್ಡ ಸೂರ್ಯಗ್ರಹಣ ಬಂತು. ಮಧ್ಯಾಹ್ನವೇ ರಸ್ತೆಗಳು ಬರಿದಾದವು. ಬಸ್ಸುಗಳು ನಿಂತಲ್ಲಿಯೇ ನಿಂತವು. ಗಂಗರತ್ನಮ್ಮ ವಾರ್ಡಿನ ಕಿಟಕಿಗಳನ್ನೆಲ್ಲ ಎಳೆದು ಮುಚ್ಚಿ, ನೀರಿನ ಕೊಡಕ್ಕೆ ದರ್ಭೆಯೊಂದನ್ನು ಹಾಕಿ, “ಯಾರೂ ಆಚೆ ಇಣುಕ್ಬೇಡಿ, ಕಣ್ಣು ಹೋಗ್ತವೆ” ಎಂದು ಗದರಿಸಿದಳು. ದೊಡ್ಡಮುನಿಯಪ್ಪ ತನ್ನ ಬಟ್ಟೆಗಳನ್ನು ಟವೆಲಿನಲ್ಲಿ ಗಂಟು ಕಟ್ಟಿ, ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಗ್ರಹಣ ಬಿಟ್ಟೊಡನೆ ಹೊರಡುವ ಮೊದಲ ಬಸ್ಸು ಅವನದು.

ಬೆಳಕು ಹಳದಿಯಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಹೊರಗೆ ಕಾಗೆಗಳು ಮರ ಸೇರಿದವು. ಆ ಹೊತ್ತಿಗೆ ಆವಲಪ್ಪನ ಕಣ್ಣ ಮುಂದೆ ತನ್ನೂರಿನ ಕೆರೆ ಬಂದು ನಿಂತಿತು. ಅಮ್ಮ ಈಗ ನೀರಿಗಿಳಿದಿರುತ್ತಾಳೆ. ಏರಿಯ ಮೇಲೆ ಯಾರಿದ್ದಾರೆ? ಯಾರೂ ಇಲ್ಲ. ದೊಣ್ಣೆ ಮನೆಯ ಮೂಲೆಯಲ್ಲಿದೆ, ತಾನು ಇಲ್ಲಿದ್ದೇನೆ. ಅವನಿಗೆ ಅಳು ಬಂತು, ಅಳುವಿನ ಹಿಂದೆಯೇ ಅರಿವೂ ಬಂತು. ಭಗವಂತ ಹಾಕಿದ ಗಂಟು ಆ ಏರಿಯ ಮೇಲಿತ್ತು. ಚಿಕ್ಕಂದಿನಿಂದ ಕಂಡಿದ್ದ, ಸ್ವತಃ ನಿಂತಿದ್ದ, ಆದರೂ ತಿಳಿದಿರಲಿಲ್ಲ.

ಅವನು ವಾರ್ಡಿನ ನೆಲದ ಮೇಲೆ ಕೂತು ಸೀಮೆಸುಣ್ಣ ತೆಗೆದುಕೊಂಡ. ಅಲ್ಲಿಯೇ ಹೊಸದಾಗಿ ಕೋಟೆ ಬರೆದು, ಅದರ ಬದಿಗೆ ಒಂದು ಕೆರೆ, ಕೆರೆಗೊಂದು ಕಿರಿದಾದ ಏರಿ ಬರೆದ.

“ಗುಮಾಸ್ತ್ರೇ, ಆಟಕ್ಕೆ ಬನ್ನಿ. ಕಥೇಲೂ ಇವತ್ತು ಗ್ರಹಣ. ಇವತ್ತಿಂದ ಮಂತ್ರಕ್ಕೆ ನೇಮ ಉಂಟು.”

“ಇದೇನಯ್ಯಾ, ಕೇಸು ಅರ್ಧ ನಡೆದ ಮೇಲೆ ಕಾನೂನು ಬದಲಾಯಿಸ್ತೀಯಾ? ನಮ್ ಕೋರ್ಟಲ್ಲಿ ಇದು ನಡೆಯೋದಿಲ್ಲ.”

“ನಾನೇ ತಪ್ಪು ಮಾಡಿದ್ದೆ ಸ್ವಾಮಿ. ಮಂತ್ರ ಮರ್ತೋಗಲ್ಲ, ಅದು ನಿಜ. ಆದ್ರೆ ಅದನ್ನ ಉಳಿಸ್ಕೊಳ್ಳೋಕೆ ತೆರ್ಬೇಕಾದ ಬೆಲೆ ಒಂದಿದೆ. ಅದನ್ನ ನಾನು ಹೇಳ್ಲೇ ಇಲ್ಲ.” ಆವಲಪ್ಪ ತನ್ನ ತಾಯಿಯ ವಿಷಯ ಹೇಳಿದ. ನೀರು, ಮೌನ, ಹಿಂತಿರುಗಿ ನೋಡದಿರುವುದು, ಓಗೊಟ್ಟರೆ ಎಲ್ಲವೂ ಹೋಗುವುದು, ಎಲ್ಲವನ್ನೂ ಹೇಳಿದ. ಏರಿಯ ಮೇಲೆ ನಿಲ್ಲುತ್ತಿದ್ದ ಅಪ್ಪನ ವಿಷಯವನ್ನೂ ಹೇಳಿದ. ವಾರ್ಡಿನ ಇತರ ಮಂಚಗಳಿಂದಲೂ ತಲೆಗಳು ಎದ್ದವು. “ಈಗ ಮಾಯಸಿದ್ಧ ನೀರಲ್ಲಿ ನಿಂತ್ಕೋಬೇಕು. ಗ್ರಹಣ ಬಿಡೋವರ್ಗೂ ಮಾತಾಡಿದ್ರೆ ಕಲ್ತಿದ್ದೆಲ್ಲಾ ಹೋಯ್ತು. ಏನ್ ಮಾಡ್ತೀರಿ?”

ವೆಂಕಟರಮಣಪ್ಪನವರು ಬಾಯಿ ತೆರೆದರು. ಏನೋ ಹೊಳೆದು ಮತ್ತೆ ಮುಚ್ಚಿಕೊಂಡರು.

“ಅಯ್ಯೋ ದೇವ್ರೇ, ಗುಮಾಸ್ತ್ರು ಸುಮ್ನಾದ್ರು! ಗ್ರಹಣಕ್ಕಿಂತ ಇದೇ ದೊಡ್ಡದು,” ಎಂದಳು ಗಂಗರತ್ನಮ್ಮ. ಯಾರೋ ನಕ್ಕು ಕೆಮ್ಮಿದರು.

ಆವಲಪ್ಪ ನಗಲಿಲ್ಲ. ಕಥೆಯನ್ನು ಮುಂದಕ್ಕೆ ನಡೆಸಿದ. “ಭೂತಕ್ಕೆ ಸುಳಿವು ಸಿಕ್ತು. ತನ್ನ ಆಳುಗಳನ್ನ ಏರಿ ಮೇಲೆ ಕಳಿಸ್ತು. ಅವರ ಕೈಲಿ ಈಟಿ. ಬಾಯಲ್ಲಿ ಮಾಯಸಿದ್ಧನ ಹೆಸ್ರು. ಒಬ್ಬ ಅವನ ಹೆಂಡ್ತಿ ದನೀಲಿ ಕೂಗ್ತಾನೆ, ಒಬ್ಬ ಅವನ ಮಗು ದನೀಲಿ. ನೀರಿನ ಹತ್ರ ಬಂದು ಕೂಗಿದ್ರೆ ತಿರುಗದೆ ಇರೋಕಾಗಲ್ಲ. ಏರಿ ಸಣ್ಣದು, ಒಬ್ಬ ನಿಂತ್ರೆ ಸಾಕು, ಇನ್ನೊಬ್ಬ ಹೋಗೋ ಹಾಗಿಲ್ಲ. ಅಲ್ಲಿ ಯಾರಿದಾರೆ?”

ಗುಮಾಸ್ತರು ಎರಡು ಕೈಗಳನ್ನೂ ಗಾಳಿಯಲ್ಲಿ ಆಡಿಸುತ್ತ, ಗೋಡೆಯ ಕಡೆ ಕೂತವನತ್ತ ಬೆರಳು ಮಾಡಿದರು. ಕಣ್ಣಿನಲ್ಲಿ ಬೇಡಿಕೊಂಡರು.

“ಯಾರಿದಾರೆ?” ಎಂದು ಆವಲಪ್ಪ ಮತ್ತೆ ಕೇಳಿದ. ಅವನು ಕೇಳಿದ್ದು ಯಾವ ಕೆರೆಯ ಏರಿಯನ್ನು ಕುರಿತೋ ಅವನಿಗೇ ಗೊತ್ತಿತ್ತು.

ಮಂಚ ಕಿರುಗುಟ್ಟಿತು. “ನಾನಿದೀನಿ,” ಎಂದ ದೊಡ್ಡಮುನಿಯಪ್ಪ.

ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು ಕೂತ. ದಾಳ ಉರುಳಿಸಿದ. ಗರ ಕೆಟ್ಟದಾಗಿ ಬಿತ್ತು. ಎಲ್ಲರೂ ನೋಡುತ್ತಿದ್ದರು, ಆವಲಪ್ಪನಿಗೆ ಸುಳ್ಳು ಹೇಳಬೇಕೆನಿಸಿತು, ಹೇಳಲಿಲ್ಲ. “ತೊಡೆಗೆ ಈಟಿ ನಾಟ್ತು” ಎಂದ. ಎರಡನೆಯ ಗರ ಇನ್ನೂ ಕೆಟ್ಟದು. “ಬೊಮ್ಮ ಬಿದ್ದ,” ಎಂದ.

ದೊಡ್ಡಮುನಿಯಪ್ಪ ಸೀಮೆಸುಣ್ಣದ ಏರಿಯನ್ನೇ ದಿಟ್ಟಿಸಿದ. “ಹೆಂಗ್ ಬಿದ್ದ?”

“ಹೆಂಗಂದ್ರೆ?”

“ಏರಿ ಸಣ್ಣದು ಅಂದ್ಯಲ್ಲಾ. ಬೊಮ್ಮ ದೊಡ್ ಮನುಷ್ಯ. ಅಡ್ಡ ಬಿದ್ದಿದಾನೆ. ಅವನ್ನ ದಾಟ್ಕೊಂಡು ಹೋಗ್ಬೇಕು. ದಾಟೋನ ಕಾಲು ಹಿಡ್ಕೋತೀನಿ ನಾನು. ಎದ್ ನಿಲ್ಲೋಕೆ ಆಗ್ದಿದ್ರೆ ಹೋಗ್ಲಿ, ಹಿಡ್ಕೊಳ್ಳೋಕೆ ಆಗಲ್ವಾ?”

ಇಂಥದಕ್ಕೆ ಪುಸ್ತಕದಲ್ಲಿ ನಿಯಮವಿದೆಯೋ ಇಲ್ಲವೋ ಆವಲಪ್ಪನಿಗೆ ತಿಳಿಯದು. ಓದಿ ಹೇಳಬೇಕಾದವರು ನೀರಿನಲ್ಲಿ ಮೌನವಾಗಿ ನಿಂತಿದ್ದರು. ಅವನು ದಾಳವನ್ನು ದೊಡ್ಡಮುನಿಯಪ್ಪನ ಅಂಗೈಯಲ್ಲಿಟ್ಟ. “ಹಾಕು. ಆದ್ರೆ ಇದು ಕೊನೇದು.”

ದಾಳ ಗಾರೆಯ ಮೇಲೆ ಉರುಳುತ್ತ ಹೋಗಿ ಮಂಚದ ಕಾಲಿಗೆ ತಾಗಿ ನಿಂತಿತು. ಗಂಗರತ್ನಮ್ಮ ಬಗ್ಗಿ ನೋಡಿದಳು, ಅಂಕೆಯನ್ನು ಕೂಗಿದಳು. ಗರ ಒಳ್ಳೆಯದಾಗಿತ್ತು. ಅಷ್ಟೇ ಬೇಕಿತ್ತು. ಕಿಟಕಿಯ ಬಿರುಕಿನಲ್ಲಿ ಬೆಳಕು ಬಿಳುಪಾಗುತ್ತ ಬರುವವರೆಗೆ ಬೊಮ್ಮ ಯಾರನ್ನೂ ದಾಟಗೊಡಲಿಲ್ಲ. ಗ್ರಹಣ ಬಿಟ್ಟಿತೆಂದು ಹೊರಗಿನಿಂದ ಯಾರೋ ಕೂಗಿದರು.

“ಅಬ್ಬಬ್ಬಾ!” ಎಂದು ವೆಂಕಟರಮಣಪ್ಪನವರು ಉಸಿರು ಬಿಟ್ಟರು. “ಮುನಿಯಪ್ಪಾ, ನಿನ್ನಿಂದ ನನ್ ಮಂತ್ರ ಉಳೀತು ಕಣಯ್ಯಾ.” ಆಟದ ಮಾತೇ ಆದರೂ ಅವರ ಕಣ್ಣು ಒದ್ದೆಯಾಗಿತ್ತು.

ದೊಡ್ಡಮುನಿಯಪ್ಪ ಅವರ ಕಡೆ ನೋಡಲಿಲ್ಲ. “ಆವ್ಲಪ್ಪಾ, ಇವತ್ತು ನಿಮ್ಮಮ್ಮನ್ನ ಯಾರು ಕಾದ್ರು?”

“ಯಾರೂ ಇಲ್ಲಣ್ಣಾ. ನಾನಿಲ್ಲೇ ಇದೀನಲ್ಲ.”

ದೂರದ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ದೊಡ್ಡಮುನಿಯಪ್ಪ ಎದ್ದು ಮಂಚಕ್ಕೆ ಹೋಗಿ, ಗಂಟನ್ನು ಬಿಚ್ಚಿ, ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

“ಗಂಗರತ್ನಮ್ಮಾ, ಒಂದ್ ದೊಣ್ಣೆ ಹಿಡ್ಕೊಂಡು ನಿಲ್ಲೋಷ್ಟು ಮೈ ಬರೋಕೆ ಎಷ್ಟು ದಿನ ಬೇಕು?”

“ಸೂಜಿ ತಪ್ಪಿಸ್ದೆ, ಆ ದಿಂಬಿನ ಕೆಳಗಿರೋದ್ನ ನುಂಗಿದ್ರೆ ಬೇಗ ಬರ್ತದೆ. ನಾನೇನು ಕುರುಡೀನಾ?”

ದೊಡ್ಡಮುನಿಯಪ್ಪ ತೋಳು ಚಾಚಿದ.

ಮುಂದಿನ ವಾರ ಬೈರಮ್ಮ ಮಗನನ್ನು ನೋಡಲು ಬಂದಳು. ಗ್ರಹಣದ ದಿನ ಹೇಗಾಯಿತೆಂದು ಆವಲಪ್ಪ ಅಂಜುತ್ತ ಕೇಳಿದ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಏರಿ ಮೇಲಿಂದ ಯಾರೋ ನನ್ ಹೆಸ್ರು ಹಿಡ್ದು ಕೂಗಿದ್ರು ಕಣಪ್ಪಾ. ಗಟ್ಟಿಯಾಗಿ, ಗಾಬರಿ ಬಿದ್ದೋರ ಹಂಗೆ. ಆಸ್ಪತ್ರೆಯಿಂದ ನಿನ್ ಸುದ್ದಿ ಬಂತೇನೋ ಅಂದ್ಕೊಂಡೆ. ನಿನ್ ಸುದ್ದಿ ಅಂದ್ರೆ... ಗೊತ್ತಲ್ಲ. ತಿರುಗ್ಲಿಲ್ಲ. ತಿರುಗಿದ್ರೆ ನಾಳೆ ಯಾರ್ ಮಗೂಗೆ ಕುಟುಕಿದ್ರೂ ನಾನು ಬರಿಗೈಯಲ್ಲಿ ನಿಲ್ಬೇಕಲ್ಲಾ. ಬಿಡೋವರ್ಗೂ ನೀರಲ್ಲೇ ಅಳ್ತಾ ನಿಂತಿದ್ದೆ. ಆಮೇಲೆ ನೋಡಿದ್ರೆ, ಎಮ್ಮೆ ಬಿಚ್ಕೊಂಡು ಓಡಿತ್ತಂತೆ, ಅದಕ್ಕೆ ಕೂಗಿದ್ರಂತೆ.”

ಅವಳು ನಗಲು ನೋಡಿದಳು, ಆಗಲಿಲ್ಲ. ಪಕ್ಕದ ಮಂಚದವನು ಈ ಮಾತನ್ನೆಲ್ಲ ಕೇಳಿದ; ಮಗ್ಗುಲು ಬದಲಿಸಿದ.

ದೇವರ ದಯೆಯಿಂದ ಮೂವರೂ ಗುಣವಾಗಿ ಮನೆಗೆ ಮರಳಿದರು. ಆವಲಪ್ಪನ ಎದೆ ಮಾತ್ರ ಮೊದಲಿನಂತಾಗಲಿಲ್ಲ. ಬಾವಿಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ಭಜನೆಯ ಮನೆಯಲ್ಲಿ ಕಥೆ ಹೇಳಿಕೊಂಡಿದ್ದ. ದಾಳಗಳು ಅಲ್ಲಿನ ದೇವರ ಪಟದ ಮುಂದೆ ಒಂದು ಬಟ್ಟಲಲ್ಲಿದ್ದವು.

ಮುಂದೊಂದು ವರ್ಷ ಮತ್ತೆ ಗ್ರಹಣ ಬಂತು. ಆವಲಪ್ಪನಿಗೆ ಚಳಿಗಾಳಿ ತಗುಲಿ ಮೂರು ದಿನದಿಂದ ಜ್ವರ, ಎದ್ದು ನಿಲ್ಲಲಾರ. ತಾಯಿ, “ನೀನು ಮಲಕ್ಕೋ, ನಾನು ಹೋಗ್ಬರ್ತೀನಿ” ಎಂದು ಒಬ್ಬಳೇ ಕೆರೆಗೆ ಹೊರಟಳು. ಅವನು ಗೋಡೆ ಹಿಡಿದು ಬಾಗಿಲಿಗೆ ಬಂದು ನೋಡುತ್ತಾನೆ, ಮೂಲೆಯಲ್ಲಿದ್ದ ದೊಣ್ಣೆ ಅಲ್ಲಿಲ್ಲ. ಏರಿಯ ಮೇಲೆ ದಪ್ಪ ಹೆಗಲಿನ ಒಬ್ಬ ಮನುಷ್ಯ ಕಾಲು ಅಗಲಿಸಿ ನಿಂತಿದ್ದಾನೆ. ನಂಗಲಿಯಿಂದ ಕೋಲಾರ, ಕೋಲಾರದಿಂದ ಮಾಲೂರು, ಮಾಲೂರಿಂದ ಮಾಸ್ತಿಯ ಬಸ್ಸು ಹಿಡಿದು, ಯಾರಿಗೂ ಹೇಳದೆ ಬಂದವನು, ಜ್ವರದ ಮಂಪರಿನಲ್ಲಿದ್ದ ಆವಲಪ್ಪನನ್ನು ಎಬ್ಬಿಸದೆ ದೊಣ್ಣೆ ಎತ್ತಿಕೊಂಡು ಹೋಗಿದ್ದ. ಬಂದು ಹೋಗುವವರಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಬೀದಿಯ ನಾಯಿಯೊಂದು ಬೊಗಳಲು ಬಾಯಿ ತೆರೆದರೆ ಅದಕ್ಕೂ ದೊಣ್ಣೆ ತೋರಿಸಿದ. ಕೆಳಗೆ ನೀರಿನಲ್ಲಿ ಮುದುಕಿ ಕಣ್ಣು ಮುಚ್ಚಿ ನಿಂತಿದ್ದಳು. ತನ್ನ ಹಿಂದೆ ಯಾರಿದ್ದಾರೆಂದು ಅವಳಿಗೆ ತಿಳಿಯದು. ಅಂದು ಯಾರೂ ಅವಳ ಹೆಸರನ್ನು ಕೂಗಲಿಲ್ಲವೆಂಬುದಷ್ಟೇ ತಿಳಿದಿತ್ತು.

ಗ್ರಹಣ ಬಿಟ್ಟ ಮೇಲೆ ಬೈರಮ್ಮ ಸೀರೆ ಹಿಂಡಿಕೊಳ್ಳುತ್ತ ಏರಿ ಹತ್ತಿದಳು. ಮೊದಲು ಆ ದೊಣ್ಣೆಯನ್ನು ಗುರುತಿಸಿದಳು. ಅದನ್ನು ಹಿಡಿದವನ ಗುರುತು ಅವಳಿಗೆ ಸಿಗಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅವಳು ಕಂಡದ್ದು ಬರಿಯ ಮೂಳೆಗಳನ್ನು.

“ಯಾರಪ್ಪಾ ನೀನು?”

“ಬೊಮ್ಮ ಕಣಮ್ಮಾ,” ಎಂದ ಅವನು.

ಬೈರಮ್ಮ ಮಂತ್ರ ಹಾಕಿ ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಕೊಡಬಾರದೆಂದು ಯಾವ ನೇಮವೂ ಹೇಳಿರಲಿಲ್ಲ. ಅವಳು ಒದ್ದೆ ಕೈಗಳನ್ನು ಜೋಡಿಸಿ ಏರಿಯ ಮೇಲಿನ ಆ ಕಾವಲುಗಾರನಿಗೆ ಕೈ ಮುಗಿದಳು. ಆಮೇಲೆ ಅವನನ್ನು ಮನೆಗೆ ಕರೆದೊಯ್ದು, ಹೊಸದಾಗಿ ಒಲೆ ಹಚ್ಚಿ, ಮುದ್ದೆಗೆ ನೀರಿಟ್ಟಳು.